ಥರ್ಮಾಕೋಲ್ ಡಬ್ಬದ ಷರಾ

ರಾತ್ರಿ ಚಳಿ ಹೆಚ್ಚಿದಂತೆ ಡಬ್ಬದೊಳಗಿನ ಬಿಸಿ ಇಳಿಯಬೇಕು. ಹಗಲು ಬಿಸಿಲೇರಿದಾಗ ಅದು ನೆಟ್ಟಗೆ ನಿಲ್ಲಬೇಕು. ಇಷ್ಟು ತಿಳಿಯುವುದಕ್ಕೆ ಯಾರೂ ಇಪ್ಪತ್ತಾರು ವರ್ಷ ಕಾರ್ಖಾನೆಯಲ್ಲಿ ಬೆವರು ಸುರಿಸಬೇಕಾಗಿಲ್ಲ. ಆದರೆ ಇಪ್ಪತ್ತಾರು ವರ್ಷ ಸುರಿಸಿ ಬಂದಿದ್ದ ಕೃಷ್ಣಯ್ಯನ ನೋಟ್‌ಬುಕ್ಕು ಸರಿಯಾಗಿ ಇದರ ಉಲ್ಟಾ ಹೇಳುತ್ತಿತ್ತು. ಮಾರೇನಹಳ್ಳಿಯ ಓಣಿಗಳಲ್ಲಿ ನಾಯಿಗಳು ಕೂಡ ಮುದುಡಿ ಮಲಗುವ ಡಿಸೆಂಬರಿನ ರಾತ್ರಿಯಲ್ಲಿ ಡಬ್ಬ ಇಪ್ಪತ್ತೊಂಬತ್ತು ಡಿಗ್ರಿ ಬಿಟ್ಟು ಅತ್ತಿತ್ತ ಅಲ್ಲಾಡುತ್ತಿರಲಿಲ್ಲ. ಬೆಳಗಾಗಿ ಕೃಷ್ಣಯ್ಯ ಕಾಫಿ ಕುಡಿದು ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತನೋ, ಶುರು: ಇಪ್ಪತ್ತಾರು, ಮೂವತ್ತೊಂದು, ಇಪ್ಪತ್ತಾರು, ಮೂವತ್ತೆರಡು. ಕಾವಲು ಕೂತರೆ ಕುಣಿತ, ಮಲಗಿದರೆ ಶಿಸ್ತು. ಇಂಥದ್ದನ್ನು ಅವನು ಮನುಷ್ಯರಲ್ಲಿ ನೋಡಿದ್ದ, ಯಂತ್ರದಲ್ಲಿ ನೋಡಿರಲಿಲ್ಲ.

ನೋಟ್‌ಬುಕ್ಕಿನಲ್ಲಿ ಐದು ಕಾಲಂ ಇದ್ದವು. ದಿನಾಂಕ, ಸಮಯ, ಕನಿಷ್ಠ, ಗರಿಷ್ಠ, ಕೊನೆಯದು ಷರಾ. ಕಾರ್ಖಾನೆಯ ರಿಜಿಸ್ಟರಿನಲ್ಲಿ ಹೇಗಿತ್ತೋ ಹಾಗೇ, ಸ್ಕೇಲು ಇಟ್ಟು ಗೆರೆ ಎಳೆದದ್ದು. ಷರಾ ಕಾಲಂನಲ್ಲಿ ಒಂಬತ್ತು ದಿನದಿಂದ ಒಂದೇ ಮಾತು ಸಾಲಾಗಿ ಇಳಿದುಕೊಂಡು ಬಂದಿತ್ತು: ಕಾರಣ ತಿಳಿದಿಲ್ಲ.

ಡಬ್ಬದೊಳಗೆ ಇದ್ದದ್ದು ಎರಡು ಹಲ್ಲಿಮೊಟ್ಟೆ.

ಹಲ್ಲಿಮೊಟ್ಟೆಗೆ ಇಷ್ಟೆಲ್ಲ ಉಪಚಾರ ಯಾಕೆ, ಟ್ಯೂಬ್‌ಲೈಟಿನ ಪಟ್ಟಿಯ ಹಿಂದೆ ಅವು ತಾವಾಗಿಯೇ ಮರಿಯಾಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಕೃಷ್ಣಯ್ಯನ ಹೆಂಡತಿ ಕಲಾ ಮೊದಲ ದಿನವೇ ಕೇಳಿದ್ದಳು. ಆದರೆ ಇವು ಆ ಜಾತಿಯ ಹಲ್ಲಿಯವಲ್ಲ. ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದ ಗುರುದೇವಿ ಬಾಗಲಕೋಟೆ ಕಡೆಯ ಹುಡುಗಿ, ಮೈಸೂರು ರಸ್ತೆಯ ಒಂದು ಕಾಲ್ ಸೆಂಟರಿನಲ್ಲಿ ಕೆಲಸ. ಊರು ಬಿಟ್ಟುಹೋದ ಗೆಳತಿಯೊಬ್ಬಳು ಅವಳ ಕೈಗೆ ಒಂದು ಗಾಜಿನ ತೊಟ್ಟಿ ದಾಟಿಸಿ ಹೋಗಿದ್ದಳು. ಅದರಲ್ಲಿ ಗೇಣುದ್ದದ ಒಂದು ಪ್ರಾಣಿ. ಹಳದಿ ಮೈ, ಮೈತುಂಬ ಕಪ್ಪು ಚುಕ್ಕಿ, ಮೂಲಂಗಿಯಷ್ಟು ದಪ್ಪ ಬಾಲ. ಹೆಸರು ಬಂಗಾರಿ. ಕಲಾಗೆ ಅದು ಹಲ್ಲಿ ಹೌದೋ ಅಲ್ಲವೋ ಎಂಬುದೇ ಬಗೆಹರಿದಿರಲಿಲ್ಲ. ಲೊಚಗುಟ್ಟುವುದಿಲ್ಲ, ಗೋಡೆ ಹತ್ತುವುದಿಲ್ಲ, ಸಾಲದ್ದಕ್ಕೆ ನಮ್ಮ ಹಾಗೆ ರೆಪ್ಪೆ ಮುಚ್ಚಿ ತೆರೆಯುತ್ತದೆ. ಹಾಗಿದ್ದರೆ ಅದು ಮೈಮೇಲೆ ಬಿದ್ದರೆ ಪಂಚಾಂಗದಲ್ಲಿ ಯಾವ ಫಲ ನೋಡಬೇಕು ಎಂದು ಅವಳು ಕೇಳಿದಾಗ ಗುರುದೇವಿಗೂ ಉತ್ತರ ಗೊತ್ತಿರಲಿಲ್ಲ.

ಡಿಸೆಂಬರ್ ಮೊದಲ ವಾರದಲ್ಲಿ ಆ ಬಂಗಾರಿ ಎರಡು ಮೊಟ್ಟೆ ಇಟ್ಟಿತು. ಗುರುದೇವಿ ಸೈಬರ್ ಸೆಂಟರಿಗೆ ಓಡಿ ಹತ್ತು ಪುಟ ಪ್ರಿಂಟ್ ತೆಗೆಸಿಕೊಂಡು ಬಂದಳು. ಈ ಜಾತಿ ಕಾವು ಕೂರುವುದಿಲ್ಲ. ಮೊಟ್ಟೆಗೆ ಸುಮಾರು ಐವತ್ತು ದಿನ ಇಪ್ಪತ್ತೊಂಬತ್ತು ಡಿಗ್ರಿ ಬಿಸಿ, ಸ್ವಲ್ಪ ತೇವ ಬೇಕು. ಇಟ್ಟ ಮಗ್ಗುಲು ಬದಲಿಸಬಾರದು. ಇದನ್ನು ಮಾಡುವ ಯಂತ್ರ ಹೊರದೇಶದಿಂದ ಬರಬೇಕು, ಅದರ ಬೆಲೆ ಅವಳ ಎರಡು ತಿಂಗಳ ಸಂಬಳ. ಕಾಗದ ಹಿಡಿದು ಗೇಟಿನ ಹತ್ತಿರ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದವಳನ್ನು ನೋಡಿ ಕೃಷ್ಣಯ್ಯನ ಬಾಯಿಂದ ಮಾತು ತಾನಾಗಿಯೇ ಹೊರಟುಹೋಯಿತು.

"ಅದೇನ್ ದೊಡ್ಡ ವಿಷ್ಯನಮ್ಮ. ನಾನೇ ಮಾಡ್ಕೊಡ್ತೀನಿ. ಮರಿ ಆಗೋವರ್ಗೂ ನಂದೇ ಜವಾಬ್ದಾರಿ."

ಹೇಳಿ ಒಳಗೆ ಬಂದಮೇಲೆ ಯಾಕಾದರೂ ಹೇಳಿದೆನೋ ಅನ್ನಿಸಿತು. ಕಾರಣ ಇತ್ತು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಅವನು ಥರ್ಮೋಸ್ಟ್ಯಾಟ್ ಪರೀಕ್ಷೆ ಮಾಡುತ್ತಿದ್ದವನು. ಇಸ್ತ್ರಿ ಪೆಟ್ಟಿಗೆಯದು, ಗೀಸರಿನದು, ಎಷ್ಟು ಬಿಸಿಗೆ ಕರೆಂಟು ಕಡಿಯಬೇಕೋ ಅಷ್ಟಕ್ಕೇ ಕಡಿಯುವಂತೆ ಸ್ಕ್ರೂ ತಿರುಗಿಸಿ, ಸೀಲು ಒತ್ತಿ ಕಳಿಸುವುದು. ನಾಲ್ಕು ವರ್ಷದ ಹಿಂದೆ ಅವನ ಕೈಗೆ ವಿಆರ್‌ಎಸ್ ಕಾಗದ ಕೊಟ್ಟು, ಅವನ ಮೇಜಿನ ಮೇಲೆ ಒಂದು ಕಂಪ್ಯೂಟರ್ ಇಟ್ಟರು. ಬಂದ ದುಡ್ಡಿನಲ್ಲಿ ತಾನೇ ಒಂದು ಶೆಡ್ಡು ಹಾಕಿದ. ಒಂದೂವರೆ ವರ್ಷಕ್ಕೆ ಅದಕ್ಕೆ ಬೀಗ ಬಿತ್ತು. ಅಲ್ಲಿಂದೀಚೆಗೆ ಮನೆಯಲ್ಲಿ ಒಂದು ಫ್ಯೂಸು ಹೋದರೂ ಅವನನ್ನು ಯಾರೂ ಕೇಳಿರಲಿಲ್ಲ.

ಅದಾದರೂ ಹೋಗಲಿ. ಹೋದ ವರ್ಷ ಒಂದು ಬೆಳಿಗ್ಗೆ ಕಲಾ ಬಟ್ಟೆಯ ಚೀಲದಲ್ಲಿ ಏನನ್ನೋ ಸುತ್ತಿಕೊಂಡು, ಅವನು ಪೇಪರ್ ಓದುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡು, ಸದ್ದಿಲ್ಲದೆ ಗೇಟು ದಾಟಿದ್ದಳು. ಚೀಲದ ಬಾಯಿಂದ ವೈರು ಇಣುಕುತ್ತಿತ್ತು. ಇಸ್ತ್ರಿ ಪೆಟ್ಟಿಗೆ. ಸಾವಿರಗಟ್ಟಲೆ ಇಸ್ತ್ರಿ ಪೆಟ್ಟಿಗೆಗಳ ಬಿಸಿಗೆ ಸಹಿ ಹಾಕಿದವನ ಮನೆಯ ಇಸ್ತ್ರಿ ಪೆಟ್ಟಿಗೆ ಮೈನ್ ರೋಡಿನ ರಿಪೇರಿ ಅಂಗಡಿಗೆ ಕದ್ದುಮುಚ್ಚಿ ಹೋಗುತ್ತಿತ್ತು. ಕೆಲಸ ಬಿಟ್ಟ ಹೊಸತರಲ್ಲಿ ಅದನ್ನು ತಾನೇ ಒಮ್ಮೆ ಬಿಚ್ಚಿ ಕೂತಿದ್ದು ಅವನಿಗೆ ನೆನಪಿತ್ತು, ಆಮೇಲೆ ಏನಾಯಿತೆಂದು ನೆನಪಿರಲಿಲ್ಲ. ಅವನು ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದಿದ್ದ. ತನ್ನ ಕೈಯ ಮೇಲೆ ಈ ಮನೆಗೆ ನಂಬಿಕೆ ಹೋಗಿದೆ, ಅಷ್ಟೇ.

ಹಾಗಾಗಿ ಎರಡು ಮೊಟ್ಟೆ ಮರಿಯಾಗುವುದು ಗುರುದೇವಿಗಿಂತ ಅವನಿಗೇ ಹೆಚ್ಚು ಬೇಕಾಗಿತ್ತು.

ಡಬ್ಬ ಕಟ್ಟುವುದರಲ್ಲೇನೂ ಅವನು ಎಡವಲಿಲ್ಲ. ಮೆಡಿಕಲ್ ಸ್ಟೋರಿನವನು ಎಸೆಯಲಿಟ್ಟಿದ್ದ, ಇಂಜೆಕ್ಷನ್ ಬಂದಿದ್ದ ದೊಡ್ಡ ಥರ್ಮಾಕೋಲ್ ಡಬ್ಬ ಪುಕ್ಕಟೆ ಸಿಕ್ಕಿತು. ಒಳಗೆ ಒಂದು ಮೂಲೆಗೆ ಜೀರೋ ಬಲ್ಬು, ಅದರ ಬೆಳಕು ಮೊಟ್ಟೆಗೆ ತಾಗದಂತೆ ಬಿಸ್ಕತ್ತಿನ ತಗಡು ಅಡ್ಡ. ಅಟ್ಟದ ಮೇಲಿದ್ದ ಹಳೇ ಸಾಮಾನಿನ ಪೆಟ್ಟಿಗೆಯಿಂದ ಬಿಸಿ ಗುರುತಿಸುವ ತಾಮ್ರದ ಕಡ್ಡಿಯ ಒಂದು ಗೀಸರ್ ಥರ್ಮೋಸ್ಟ್ಯಾಟ್ ತೆಗೆದು, ಅದರ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ತಿರುಗಿಸಿ ಇಪ್ಪತ್ತೊಂಬತ್ತಕ್ಕೆ ಇಳಿಸಿದ. ನರ್ಸರಿಯಿಂದ ತಂದ ತೆಂಗಿನ ನಾರಿನ ಪುಡಿಯನ್ನು ಹಿಂಡಿ, ಒಂದು ಸಿಹಿತಿಂಡಿಯ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಅದರಲ್ಲಿ ಮೊಟ್ಟೆಗಳನ್ನು ಅರ್ಧ ಹೂತ. ಮಗ್ಗುಲು ತಿರುಗಿದರೆ ಗೊತ್ತಾಗಲೆಂದು ನೆತ್ತಿಗೆ ಪೆನ್ಸಿಲಿನಲ್ಲಿ ಒಂದೊಂದು ಚುಕ್ಕಿ. ಆ ಡಬ್ಬಿಯ ಮುಚ್ಚಳಕ್ಕೆ ಕಾಯಿಸಿದ ಸೂಜಿಯಿಂದ ನಾಲ್ಕು ತೂತು ಮಾತ್ರ. ಮರಿ ಹೊರಬಂದರೂ ತಪ್ಪಿಸಿಕೊಳ್ಳದ ಹಾಗೆ ಸುತ್ತಲೂ ಒತ್ತಿ ನೋಡಿ ಮುಚ್ಚಿದ. ಕೊನೆಗೆ ಕಾರ್ಖಾನೆಯಿಂದ ಬರುವಾಗ ಗೆಳೆಯರು ನೆನಪಿಗೆಂದು ಕೊಟ್ಟಿದ್ದ ಕನಿಷ್ಠ-ಗರಿಷ್ಠ ಥರ್ಮಾಮೀಟರನ್ನು ಒಳಗೆ ನಿಲ್ಲಿಸಿದ. ಇಂಗ್ಲಿಷಿನ ಯು ಆಕಾರದ ಆ ಕೊಳವೆಯಲ್ಲಿ, ರಾತ್ರಿಯೆಲ್ಲ ಬಿಸಿ ಎಷ್ಟು ಇಳಿಯಿತು ಎಷ್ಟು ಏರಿತು ಎಂಬುದಕ್ಕೆ ಎರಡು ಕಬ್ಬಿಣದ ಚೂರು ನಿಂತಲ್ಲೇ ನಿಂತು ಸಾಕ್ಷಿ ಹೇಳುತ್ತವೆ. ಮಲಗುವ ಮುನ್ನ ಅಯಸ್ಕಾಂತ ಹಿಡಿದು ಅವನ್ನು ಕೆಳಗಿಳಿಸಿ, ಬೆಳಿಗ್ಗೆ ಓದಿಕೊಂಡರಾಯಿತು. ಅಡುಗೆಮನೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಡಬ್ಬ ಕೂತಿತು. ಕಲಾ ಸೆರಗಿನ ತುದಿ ಮೂಗಿಗೆ ಹಿಡಿದು ಅದನ್ನು ಬಳಸಿಕೊಂಡು ಓಡಾಡಿದಳು. ಕೃಷ್ಣಯ್ಯನ ತಾಯಿ ಪಟಾಲಮ್ಮ, ಈ ವಯಸ್ಸಿಗೆ ಮಗನಿಗೆ ಬಾಣಂತನ ಮಾಡುವ ಯೋಗ ಬಂತು ಎಂದು ಮೂಗು ಮುರಿದಳು.

ಆಮೇಲೆ ಶುರುವಾದದ್ದು ಈ ಉಲ್ಟಾ ಲೆಕ್ಕ.

ಕೃಷ್ಣಯ್ಯ ಮೊದಲು ಥರ್ಮಾಮೀಟರಿನ ಮೇಲೆ ಅನುಮಾನಪಟ್ಟ. ಗುರುದೇವಿಯ ಜ್ವರದ ಥರ್ಮಾಮೀಟರು ಪ್ರಯೋಜನಕ್ಕೆ ಬರಲಿಲ್ಲ. ಅದು ಶುರುವಾಗುವುದೇ ಮೂವತ್ತೈದರಿಂದ. ಅಕ್ವೇರಿಯಂ ಅಂಗಡಿಯದೊಂದನ್ನು ತಂದು ಪಕ್ಕದಲ್ಲಿಟ್ಟ. ಅದು ಎರಡು ಡಿಗ್ರಿ ಹೆಚ್ಚು ಹೇಳಿತು. ಯಾವುದು ಸರಿ ಎಂದು ನೋಡಲು ಇನ್ನೊಂದು ತಂದ. ಅದು ಇವೆರಡರ ಮಧ್ಯೆ ನಿಂತು ಯಾರ ಮನಸ್ಸನ್ನೂ ನೋಯಿಸಲಿಲ್ಲ. ಮೂರೂ ಒಪ್ಪಿದ ಸಂಗತಿ ಒಂದೇ: ಹಗಲೆಲ್ಲ ಕುಣಿತ, ಬೆಳಿಗ್ಗೆ ಎದ್ದು ಮುಚ್ಚಳ ತೆಗೆದಾಗ ಶಿಸ್ತು. ವೋಲ್ಟೇಜು ಇರಬಹುದೆಂದು ಸ್ಟೆಬಿಲೈಸರಿಗೆ ಸಿಕ್ಕಿಸಿದ. ಗಾಳಿ ಇರಬಹುದೆಂದು ಕಿಟಕಿ ಮುಚ್ಚಿದ. ಮೈಯ ಕಾವು ತಾಗುತ್ತಿರಬಹುದೆಂದು ಒಂದು ದಿನ ಕುರ್ಚಿಯನ್ನು ಹಜಾರದ ಆ ತುದಿಗೆ ಹಾಕಿಕೊಂಡು ಕೂತ. ಡಬ್ಬಕ್ಕೆ ಇದ್ಯಾವುದರ ಪರಿವೆಯೂ ಇರಲಿಲ್ಲ.

ತಲೆ ಕೆಡಿಸುವ ಇನ್ನೊಂದು ವಿಷಯ ಪ್ರಿಂಟಿನ ಏಳನೇ ಪುಟದಲ್ಲಿತ್ತು. ಈ ಜಾತಿಯಲ್ಲಿ ಮರಿ ಹೆಣ್ಣೋ ಗಂಡೋ ಎಂಬುದನ್ನು ಬಿಸಿಯೇ ತೀರ್ಮಾನಿಸುತ್ತದಂತೆ. ಇಪ್ಪತ್ತಾರರ ಆಸುಪಾಸು ಹೆಚ್ಚಾಗಿ ಹೆಣ್ಣು, ಮೂವತ್ತೆರಡರ ಹತ್ತಿರ ಹೆಚ್ಚಾಗಿ ಗಂಡು. ದಿನಕ್ಕೆ ಹತ್ತು ಸಲ ಇಪ್ಪತ್ತಾರಕ್ಕೂ ಮೂವತ್ತೆರಡಕ್ಕೂ ಓಡಾಡುವ ಮೊಟ್ಟೆ ಏನೆಂದು ತಿಳಿದುಕೊಳ್ಳಬೇಕು? ಕೃಷ್ಣಯ್ಯನಿಗೆ ಆ ಒಳಗಿನ ಜೀವದ ಮೇಲೆ ನಿಜಕ್ಕೂ ಕನಿಕರ ಬಂತು. ಅದಕ್ಕೂ ತನ್ನಷ್ಟೇ ಗೊಂದಲವಾಗುತ್ತಿರಬೇಕು.

ಈ ನಡುವೆ ಬಂಗಾರಿ ಸತ್ತಿತು. ಮೊಟ್ಟೆ ಇಟ್ಟ ಮೇಲೆ ಅದು ಹುಳು ತಿನ್ನುವುದನ್ನು ಬಿಟ್ಟಿತ್ತು. ಪ್ರಾಣಿಗಳ ಡಾಕ್ಟರಿಗೆ ತೋರಿಸಿದರೆ ಅವರು ನಾಯಿ ಎಮ್ಮೆ ಆದರೆ ಹೇಳಬಹುದಿತ್ತು ಎಂದರು. ಗುರುದೇವಿ ಅದನ್ನು ತಾರಸಿಯ ದಾಸವಾಳದ ಕುಂಡದಲ್ಲಿ ಹೂತು, ಕಣ್ಣು ಊದಿಸಿಕೊಂಡು ಕೆಳಗೆ ಬಂದು ಡಬ್ಬದ ಮೇಲೆ ಕೈಯಿಟ್ಟಳು.

"ಇವೆರಡ ಉಳದಾವ್ರಿ ಅಂಕಲ್. ಡಬ್ಬಿ ಬರೋಬರಿ ನಡದೈತಲ್ರಿ?"

ನಡೆದಿದೆ ಎಂದ ಕೃಷ್ಣಯ್ಯ. ನೋಟ್‌ಬುಕ್ಕನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದ.

ಮನೆಯಲ್ಲಿ ಆ ಚಳಿಗಾಲ ಸರಿಯಾಗಿ ನಡೆದದ್ದು ಒಂದೇ ಒಂದು, ಮೊಸರು. ಪ್ರತಿ ವರ್ಷ ಡಿಸೆಂಬರ್ ಬಂತೆಂದರೆ ಹಾಲು ಹೆಪ್ಪಾಗದೆ ಲೋಳೆಯಾಗಿ, ಹಲ್ಲಿಲ್ಲದ ಪಟಾಲಮ್ಮ ರಾತ್ರಿಯ ಮೊಸರನ್ನದ ತಟ್ಟೆಯನ್ನು ಪಕ್ಕಕ್ಕೆ ತಳ್ಳುತ್ತಿದ್ದಳು. ಅವಳ ಊಟವೇ ಅದು. ಈ ವರ್ಷ ಮಾತ್ರ ಸೌಟು ಇಟ್ಟರೆ ನಿಲ್ಲುವಂಥ ಮೊಸರು. ಪಟಾಲಮ್ಮ ಎರಡೆರಡು ಸಲ ಹಾಕಿಸಿಕೊಂಡು, ಸೊಸೆಯ ಕೈಗುಣ ಈಗ ಹದಕ್ಕೆ ಬಂತು ಎಂದು ಮೂವತ್ತು ವರ್ಷದ ಮೇಲೆ ಮೊದಲ ಸಲ ಹೊಗಳಿದಳು. ಕಲಾ ತಲೆ ತಗ್ಗಿಸಿ ಬಡಿಸಿದಳು. ಕೃಷ್ಣಯ್ಯನೂ ಅದನ್ನೇ ತಿನ್ನುತ್ತಿದ್ದ, ತಿನ್ನುತ್ತ ಸ್ಟೆಬಿಲೈಸರಿನ ಬಗ್ಗೆ ಯೋಚಿಸುತ್ತಿದ್ದ.

ಜನವರಿ ಮೊದಲ ವಾರದಲ್ಲಿ ಕಲಾ ಅಕ್ಕನ ಮಗಳ ಬಾಣಂತನಕ್ಕೆ ಕೈಜೋಡಿಸಲೆಂದು ಕೆಂಗೇರಿಗೆ ಹೋಗಿ ಮೂರು ರಾತ್ರಿ ಉಳಿದಳು. ಆ ಮೂರು ರಾತ್ರಿ ಡಬ್ಬ ಹದಗೆಟ್ಟು ಹೋಯಿತು. ಬೆಳಗಿನ ಜಾವ ಒಂದೊಂದು ಗಂಟೆ ಕರೆಂಟು ಹೋಗುತ್ತಿದ್ದ ಕಾಲ ಅದು. ಕನಿಷ್ಠ ಇಪ್ಪತ್ತಮೂರಕ್ಕೆ ಬಿದ್ದಿತ್ತು, ಗರಿಷ್ಠ ಮೂವತ್ಮೂರು. ಆದರೆ ಹಿಂದಿನ ವಾರವೂ ಕರೆಂಟು ಹೋಗಿತ್ತಲ್ಲ, ಆಗ ಯಾಕೆ ಬೀಳಲಿಲ್ಲ? ಕೃಷ್ಣಯ್ಯ ಥರ್ಮೋಸ್ಟ್ಯಾಟ್ ಬಿಚ್ಚಿದ, ಜೋಡಿಸಿದ, ಮತ್ತೆ ಬಿಚ್ಚಿದ. ಇದೇ ಹೊತ್ತಿನಲ್ಲಿ ಪಟಾಲಮ್ಮ, ಪ್ಯಾಕೆಟ್ ಮೊಸರು ಬಾಯಿಗಿಡಲಾಗುವುದಿಲ್ಲ, ಅವಳಿಲ್ಲದೆ ಮೊಸರೂ ಆಗುವುದಿಲ್ಲ ಎಂದು ಗೊಣಗುತ್ತಿದ್ದಳು. ಕಾರಣ ಹೀಗೆ ಕಿವಿಯ ಹತ್ತಿರವೇ ಬಂದು ಕೂಗುತ್ತಿದ್ದರೂ ಅವನಿಗೆ ಕೇಳಿಸಲಿಲ್ಲ.

ಕಲಾ ವಾಪಸು ಬಂದ ರಾತ್ರಿಯೇ ಡಬ್ಬ ಮತ್ತೆ ಇಪ್ಪತ್ತೊಂಬತ್ತಕ್ಕೆ ಬಂದು ನಿಂತಿತು.

ಮರುದಿನ ಬೆಳಿಗ್ಗೆ ಕೃಷ್ಣಯ್ಯ ನೋಟ್‌ಬುಕ್ಕಿನ ಮುಂದೆ ಬಹಳ ಹೊತ್ತು ಕೂತ. ಹೆಂಡತಿ ಮನೆಯಲ್ಲಿದ್ದರೆ ಡಬ್ಬ ಬೆಚ್ಚಗಿರುತ್ತದೆ, ಇಲ್ಲದಿದ್ದರೆ ತಣ್ಣಗಾಗುತ್ತದೆ ಎಂದು ಯಾವ ಷರಾದಲ್ಲಿ ಬರೆಯುವುದು? ಕಾರ್ಖಾನೆಯಲ್ಲಿ ಹೀಗೆ ಬರೆದಿದ್ದರೆ ವಿಆರ್‌ಎಸ್ ಹತ್ತು ವರ್ಷ ಮೊದಲೇ ಬರುತ್ತಿತ್ತು. ತನಗೆ ಅರಳುಮರಳು ಶುರುವಾಯಿತೇ ಎಂದು ಅವನಿಗೆ ಭಯವಾಯಿತು. ಕಾರಣ ತಿಳಿದಿಲ್ಲ ಎಂದೇ ಬರೆದ.

ಗುಟ್ಟು ಒಡೆದದ್ದು ಧನುರ್ಮಾಸ ಮುಗಿದದ್ದರಿಂದ. ಆ ಒಂದು ತಿಂಗಳು ಕಲಾ ನಾಲ್ಕೂವರೆಗೇ ಎದ್ದು, ಸ್ನಾನ ಮಾಡಿ, ಪಕ್ಕದ ಬೀದಿಯ ದೇವಸ್ಥಾನದ ಪೂಜೆಗೆ ಹೋಗಿ ಹುಗ್ಗಿ ಪ್ರಸಾದ ತರುತ್ತಿದ್ದಳು. ಕೃಷ್ಣಯ್ಯ ಏಳುವುದು ಐದೂವರೆಗೆ. ಸಂಕ್ರಾಂತಿ ಕಳೆಯಿತು, ಎಳ್ಳು ಬೀರಿದ್ದಾಯಿತು, ತಿಂಗಳ ನಿದ್ದೆ ಬಾಕಿಯಿದ್ದ ಕಲಾ ಮಾರನೆಯ ಬೆಳಿಗ್ಗೆ ಆರಾದರೂ ಏಳಲಿಲ್ಲ. ಕೃಷ್ಣಯ್ಯ ಎಂದಿನಂತೆ ಎದ್ದು, ಕಣ್ಣುಜ್ಜುತ್ತ ಡಬ್ಬದ ಮುಚ್ಚಳ ತೆಗೆದ. ಮೊಟ್ಟೆಯ ಡಬ್ಬಿಯ ಪಕ್ಕದಲ್ಲಿ, ಥರ್ಮೋಸ್ಟ್ಯಾಟಿನ ತಾಮ್ರದ ಕಡ್ಡಿಗೆ ಒರಗಿಕೊಂಡು, ತಟ್ಟೆ ಮುಚ್ಚಿದ ಒಂದು ಸ್ಟೀಲಿನ ಪಾತ್ರೆ ಕೂತಿತ್ತು.

ಅವನು ಕಲಾಳನ್ನು ಕೂಗಿದ. ಅವಳು ಕೂದಲು ಗಂಟು ಹಾಕಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

"ಏನಿದು?"

"ಮೊಸರು."

"ಅದು ಕಾಣ್ತಿದೆ. ಇಲ್ಲೇನ್ ಮಾಡ್ತಿದೆ?"

"ಹೆಪ್ಪಾಗ್ತಿದೆ."

ಎಷ್ಟು ದಿನದಿಂದ ಎಂದು ಕೇಳಿದ. ಡಬ್ಬ ಇಟ್ಟ ಮಾರನೆಯ ದಿನದಿಂದ ಎಂದಳು. ಒಂದು ಲೀಟರ್ ಹಾಲನ್ನು ಉಗುರು ಬೆಚ್ಚಗೆ ಮಾಡಿ, ಹೆಪ್ಪು ಹಾಕಿ, ಅವನು ಮಲಗಿದ ಮೇಲೆ ಇಡುವುದು, ಅವನು ಏಳುವ ಐದು ನಿಮಿಷ ಮೊದಲು ತೆಗೆಯುವುದು. ಕೇಳಿದರೆ ಬೇಡ ಅನ್ನುತ್ತಿದ್ದಿರಿ, ಅತ್ತೆ ಊಟ ಬಿಡುತ್ತಿದ್ದರು ಎಂದಳು. ಕೃಷ್ಣಯ್ಯನ ಮೈಯೆಲ್ಲ ಉರಿಯಿತು. ಮೂವತ್ತೊಂಬತ್ತು ದಿನ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಯಂತ್ರ ಇವಳಿಗೆ ಅಡುಗೆಮನೆಯ ಇನ್ನೊಂದು ಡಬ್ಬ.

"ನನ್ ಕೆಲ್ಸಕ್ಕೆ ಈ ಮನೇಲಿ ಮೂರ್ ಕಾಸಿನ ಮರ್ಯಾದೆ ಇಲ್ಲ ಅಂತ ನಂಗೊತ್ತಿತ್ತು ಕಣೇ," ಎಂದ. "ಇಷ್ಟು ಅಂತ ಗೊತ್ತಿರ್ಲಿಲ್ಲ."

ಕಲಾ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಇನ್ನು ಇಡುವುದಿಲ್ಲ ಎಂದು ಅಲ್ಲಿಂದಲೇ ಹೇಳಿದಳು. ಕೃಷ್ಣಯ್ಯ ಷರಾ ಕಾಲಂನಲ್ಲಿ ಹೆಮ್ಮೆಯಿಂದ ಬರೆದ: ಕಾರಣ, ಮೊಸರಿನ ಪಾತ್ರೆ. ತೆಗೆಯಲಾಗಿದೆ.

ಕೋಪದಲ್ಲಿ ಅವನು ಒಂದು ಸಣ್ಣ ಲೆಕ್ಕ ಮರೆತಿದ್ದ. ಪಾತ್ರೆ ಇದ್ದದ್ದು ರಾತ್ರಿ, ಕೆಟ್ಟು ಕುಣಿದದ್ದು ಹಗಲು.

ಅಂದು ರಾತ್ರಿ ಡಬ್ಬ ಇಪ್ಪತ್ತಮೂರಕ್ಕೆ ಬಿತ್ತು. ಮರುದಿನ ಇಪ್ಪತ್ತೆರಡೂವರೆ. ಮೂರನೆಯ ಬೆಳಿಗ್ಗೆ ನೋಡಿದರೆ ಎಡಗಡೆಯ ಮೊಟ್ಟೆ ಹಳದಿಗೆ ತಿರುಗಿ, ಪೆನ್ಸಿಲ್ ಚುಕ್ಕಿ ಇದ್ದ ಕಡೆ ಗುಳಿ ಬಿದ್ದಿತ್ತು. ಕೃಷ್ಣಯ್ಯ ಅದನ್ನು ನೋಡುತ್ತ ನಿಂತ. ಕಾರಣ ತೆಗೆದ ಮೇಲೆ ರೋಗ ಹೆಚ್ಚಾಗುವುದೆಂದರೇನು? ಆ ಹುಡುಗಿಗೆ ಏನು ಹೇಳುವುದು? ಗೇಟಿನ ಹತ್ತಿರ ಎದೆ ತಟ್ಟಿಕೊಂಡು ಹೇಳಿದ ಮಾತು ನೆನಪಾಗಿ ನಾಚಿಕೆಯಾಯಿತು. ಡಬ್ಬವನ್ನು ಅವಳ ಕೈಗೇ ಕೊಟ್ಟು, ನನ್ನಿಂದಾಗಲಿಲ್ಲಮ್ಮ ಎಂದುಬಿಡುವುದೆಂದು ತೀರ್ಮಾನಿಸಿದ. ಹೇಗೂ ಇಸ್ತ್ರಿ ಪೆಟ್ಟಿಗೆಯ ದಿನವೇ ಇದು ತೀರ್ಮಾನವಾಗಿತ್ತು.

ಒಳಗಿನಿಂದ ಪಟಾಲಮ್ಮ, ಸ್ನಾನಕ್ಕೆ ನೀರು ಕಾಯಿತೇ ನೋಡು ಎಂದಳು. ಬಚ್ಚಲಿಗೆ ಹೋಗಿ ನಿಂತ. ಗೀಸರಿನ ಕೆಂಪು ದೀಪ ಉರಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಟಕ್ ಎಂದು ಒಂದು ಸದ್ದಾಗಿ ದೀಪ ಆರಿತು. ಎಷ್ಟು ನಿಧಾನ, ಎಷ್ಟು ನೆಮ್ಮದಿಯ ಸದ್ದು ಅಂದುಕೊಂಡ. ಹೊರಗೆ ಸ್ಟೂಲಿನ ಮೇಲೆ ಅದರದೇ ಅಣ್ಣತಮ್ಮ ಎರಡು ನಿಮಿಷಕ್ಕೊಮ್ಮೆ ಟಕ್ ಟಕ್ ಎಂದು ಹುಚ್ಚು ಹಿಡಿದ ಹಾಗೆ ಬಡಿದುಕೊಳ್ಳುತ್ತಿತ್ತು.

ಕೃಷ್ಣಯ್ಯ ಬಚ್ಚಲ ಬಾಗಿಲನ್ನು ಹಿಡಿದುಕೊಂಡ. ಇಪ್ಪತ್ತಾರು ವರ್ಷ ಅವನು ಒಂದೊಂದು ಗೀಸರ್ ಥರ್ಮೋಸ್ಟ್ಯಾಟನ್ನೂ ಪರೀಕ್ಷೆ ಮಾಡಿದ್ದು ನೀರಿನ ತೊಟ್ಟಿಯಲ್ಲಿ ಮುಳುಗಿಸಿ. ಒಂದನ್ನಾದರೂ ಬರೀ ಗಾಳಿಯಲ್ಲಿ ನೇತುಹಾಕಿ ನೋಡಿದ್ದುಂಟೇ? ಅದು ನೀರಿನಲ್ಲಿ ಕೆಲಸ ಕಲಿತ ಪದಾರ್ಥ. ಗಾಳಿ ಕ್ಷಣಕ್ಕೆ ಕಾಯುತ್ತದೆ, ಕ್ಷಣಕ್ಕೆ ಆರುತ್ತದೆ, ಪಾಪ ಅದೇನು ಮಾಡೀತು? ತಾಮ್ರದ ಕಡ್ಡಿಗೆ ಒರಗಲು ಒಂದು ತುಂಬಿದ ಪಾತ್ರೆ ಬೇಕು. ಆ ಪಾತ್ರೆ ಬಿಸಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ಕರೆಂಟು ಹೋದಾಗಲೂ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡಬೇಕು. ಇಷ್ಟು ದಿನ ರಾತ್ರಿಯ ಡಬ್ಬವನ್ನು ಹಿಡಿದು ನಿಲ್ಲಿಸಿದ್ದು ಅವನ ಸ್ಕ್ರೂ ಅಲ್ಲ, ಸ್ಟೆಬಿಲೈಸರ್ ಅಲ್ಲ. ಒಂದು ಲೀಟರ್ ಮೊಸರು.

ಅವನು ಅಡುಗೆಮನೆಗೆ ಹೋದ. ಕಲಾ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಮೂರು ದಿನದಿಂದ ಅವಳು ಮಾತಾಡಿಸಿದರೆ ಮಾತ್ರ ಮಾತು ಎಂಬಂತಿದ್ದಳು.

"ಕಲಾ, ಒಂದ್ ಪಾತ್ರೆ ಹಾಲಿಗೆ ಹೆಪ್ಪು ಹಾಕ್ಕೊಡು. ಈಗ್ಲೇ. ಹಗಲೂ ಇಡೋಣ, ರಾತ್ರಿನೂ ಇಡೋಣ."

ಅವಳು ತಿರುಗಿ ನೋಡಿದಳು. ಅವನು ನೀರಿನ ತೊಟ್ಟಿಯ ಕತೆಯನ್ನೆಲ್ಲ ಹೇಳಿದ. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. ಅವಳು ಹಾಲು ಬೆಚ್ಚಗಿಟ್ಟು, ಕಿರುಬೆರಳು ಅದ್ದಿ ನೋಡಿ, ಒಂದು ಚಮಚ ಮೊಸರು ಬೆರೆಸಿದಳು. ಮೂರು ಥರ್ಮಾಮೀಟರಿಗೂ ಬಗೆಹರಿಯದ ಬಿಸಿಯನ್ನು ಆ ಬೆರಳು ಎರಡು ಸೆಕೆಂಡಿನಲ್ಲಿ ಅಳೆಯಿತು. ಕೃಷ್ಣಯ್ಯನ ಮನಸ್ಸಿನಲ್ಲಿ ಮೂರು ದಿನದಿಂದ ಕೊರೆಯುತ್ತಿದ್ದ ಪ್ರಶ್ನೆಯೊಂದು ಉಳಿದಿತ್ತು.

"ಅಲ್ಲ, ಹಲ್ಲಿ ಅಂದ್ರೆ ಮಾರುದೂರ ಓಡ್ತೀಯ. ಹಾಲಿಗೆ ಹಲ್ಲಿ ಬಿದ್ರೆ ಮನೆಮಂದಿ ಉಳಿಯಲ್ಲ ಅಂತ ಕೂತ್ರೂ ನಿಂತ್ರೂ ಪಾತ್ರೆ ಮುಚ್ತೀಯ. ಅಂಥವಳು ಅಮ್ಮ ತಿನ್ನೋ ಮೊಸರನ್ನ ಆ ಮೊಟ್ಟೆ ಪಕ್ಕ ಹೆಂಗಿಟ್ಟೆ?"

"ಮೊಟ್ಟೆ ಡಬ್ಬಿಗೆ ಮುಚ್ಚಳ ಹಾಕಿದ್ದು ನೀವಲ್ವಾ," ಎಂದಳು ಕಲಾ, ಅದರಲ್ಲಿ ಕೇಳುವುದೇನಿದೆ ಎಂಬಂತೆ. "ನೀವು ಮುಚ್ಚಿದ್ದು ಅಂದ್ಮೇಲೆ ಮುಚ್ಚಿರತ್ತೆ. ಅದನ್ನ ನಾನ್ಯಾಕೆ ತೆಗೆದು ನೋಡ್ಲಿ?"

ಈ ಮನೆಯಲ್ಲಿ ತನ್ನ ಕೈಯನ್ನು ಯಾರಾದರೂ ನಂಬುತ್ತಾರೆಯೇ ಎಂದು ಅವನು ವರ್ಷಗಟ್ಟಲೆ ಒಳಗೊಳಗೇ ಕೇಳಿಕೊಂಡಿದ್ದ. ಉತ್ತರ ಮೂವತ್ತು ಚಿಲ್ಲರೆ ರಾತ್ರಿ ತಟ್ಟೆ ಮುಚ್ಚಿಕೊಂಡು ಆ ಡಬ್ಬದೊಳಗೇ ಕೂತಿತ್ತು.

"ಹಂಗಾದ್ರೆ ಇಸ್ತ್ರಿ ಪೆಟ್ಟಿಗೆ?" ಎಂದ. ಆ ಮಾತು ಬಾಯಿಗೆ ಬರಲು ಒಂದು ವರ್ಷ ಬೇಕಾಗಿತ್ತು.

ಕಲಾ ಒಲೆ ಸಣ್ಣದು ಮಾಡಿದಳು. ಅವನು ನೋಡಿದ್ದನೆಂದು ಅವಳಿಗೆ ಗೊತ್ತಿರಲಿಲ್ಲ.

"ಕೆಲ್ಸ ಬಿಟ್ಟಾಗ ಒಂದ್ಸಲ ಅದನ್ನ ಬಿಚ್ಚಿ ಕೂತ್ರಲ್ಲ. ಒಳಗೆ ನಿಮ್ಮ ಫ್ಯಾಕ್ಟ್ರಿ ಸೀಲಿತ್ತು. ಅದನ್ನೇ ಕೈಲಿ ಹಿಡ್ಕೊಂಡು ಎರಡು ದಿನ ಊಟ ಮುಟ್ಲಿಲ್ಲ ನೀವು. ಆ ಅಂಗಡಿಯವನು ಬಿಚ್ಚಿದ್ರೆ ಅವನು ಊಟ ಬಿಡಲ್ಲ. ಅದಕ್ಕೇ ಅವನಿಗೆ ಕೊಟ್ಟೆ."

ಅವನಿಗೆ ಈಗ ಆ ಎರಡು ದಿನ ನೆನಪಾದವು. ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹೋಗಿ, ತಾಮ್ರದ ಕಡ್ಡಿಗೆ ತಾಗುವಂತೆ ಇಟ್ಟು, ಮುಚ್ಚಳ ಮುಚ್ಚಿದ. ಸ್ವಲ್ಪ ಹೊತ್ತಿನ ಮೇಲೆ ಡಬ್ಬದಿಂದ ನಿಧಾನವಾಗಿ ಒಂದು ಟಕ್ ಕೇಳಿಸಿತು. ಕಲಾಗೂ ಕೇಳಿಸಿತು. ಸಂಜೆ ಗುರುದೇವಿಗೆ ಒಂದು ಮೊಟ್ಟೆ ಹೋಗಿರುವ ವಿಷಯವನ್ನು ಮುಚ್ಚಿಡದೆ ಹೇಳಿದ. ಅವಳು ಇನ್ನೊಂದು ಐತಲ್ರಿ ಅಂಕಲ್ ಎಂದಳು.

ಐವತ್ತಮೂರನೆಯ ದಿನ ಬೆಳಿಗ್ಗೆ ಹೆಪ್ಪಾದ ಪಾತ್ರೆ ಎತ್ತಲು ಹೋದ ಕಲಾ, ರೀ ಎಂದು ಕರೆದಳು. ಕಿರುಚಲಿಲ್ಲ. ಪ್ಲಾಸ್ಟಿಕ್ ಡಬ್ಬಿಯೊಳಗೆ, ಹರಿದ ಮೊಟ್ಟೆಯ ಸಿಪ್ಪೆಯ ಪಕ್ಕದಲ್ಲಿ, ಬೆರಳುದ್ದದ ಒಂದು ಮರಿ ಕಪ್ಪು ಹಳದಿ ಪಟ್ಟೆ ತೊಟ್ಟು ನಿಂತಿತ್ತು. ಕೃಷ್ಣಯ್ಯ ಬಗ್ಗಿ ನೋಡಿದ. ಅದು ಅವನನ್ನು ನೋಡಿ ರೆಪ್ಪೆ ಮುಚ್ಚಿ ತೆರೆಯಿತು. ಮೇಲಿನಿಂದ ಓಡಿಬಂದ ಗುರುದೇವಿ ನಗುತ್ತಲೇ ಕಣ್ಣೊರೆಸಿಕೊಂಡಳು.

"ಬಂಗಾರಿ ಹಂಗ ನೋಡತೈತ್ರಿ ಅಂಕಲ್. ಹೆಣ್ಣೇನ್ರಿ, ಗಂಡೇನ್ರಿ?"

ಗೊತ್ತಿಲ್ಲಮ್ಮ ಎಂದ ಕೃಷ್ಣಯ್ಯ. ಹಗಲಿನ ಕುಣಿತಕ್ಕೆ ಗಂಡಾಯಿತೋ, ರಾತ್ರಿಯ ಮೊಸರಿಗೆ ಹೆಣ್ಣಾಯಿತೋ, ಯಾವ ಪುಟದಲ್ಲೂ ಬರೆದಿರಲಿಲ್ಲ. ಅದು ಗೊತ್ತಿಲ್ಲದಿರುವುದು ಅವನಿಗೆ ಮೊದಲ ಸಲ ಹಿತವಾಗಿತ್ತು. ಗೋಡೆ ಹಿಡಿದು ಬಂದ ಪಟಾಲಮ್ಮ ಮರಿಯನ್ನು ನೋಡಿ, ಆ ಹುಳುವನ್ನು ಮೊಸರಿನ ಹತ್ತಿರ ಮಾತ್ರ ಬಿಡಬೇಡಿ, ಹುಷಾರು ಎಂದು ಎಚ್ಚರಿಸಿದಳು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ನಗು ತಡೆಯಲಾಗುತ್ತಿರಲಿಲ್ಲ.

ಗುರುದೇವಿ ಮರಿಯನ್ನು ಮೇಲೆ ಕೊಂಡೊಯ್ದಳು. ಕೃಷ್ಣಯ್ಯ ನೋಟ್‌ಬುಕ್ಕಿನ ಕೊನೆಯ ಸಾಲಿಗೆ ದಿನಾಂಕ, ಸಮಯ, ಕನಿಷ್ಠ, ಗರಿಷ್ಠ ತುಂಬಿ, ಷರಾ ಎಂಬಲ್ಲಿ ಕಲಾ ಎಂದು ಬರೆದು ಮುಚ್ಚಿಟ್ಟ.

ಮಧ್ಯಾಹ್ನ ಅವಳು ಬಟ್ಟೆಯ ಚೀಲವೊಂದನ್ನು ತಂದು ಅವನ ಮುಂದಿನ ಮೇಜಿನ ಮೇಲಿಟ್ಟಳು. ಚೀಲದ ಬಾಯಿಂದ ವೈರು ಇಣುಕುತ್ತಿತ್ತು.

"ಮತ್ತೆ ಕಾಯ್ತಿಲ್ಲ ಇದು," ಎಂದಳು. "ಊಟ ಆದ್ಮೇಲೆ ಬಿಚ್ಚಿ."

ಕೃಷ್ಣಯ್ಯ ಊಟಕ್ಕೆ ಕೂತು, ಎರಡನೆಯ ಸಲವೂ ಮೊಸರು ಹಾಕಿಸಿಕೊಂಡ.